ಬೀಗರ ಮುಂದೆ ಹೇಳಬಾರದ ಮಾತ್ರೆ

ಕೊರೊನಾದ ಗಲಾಟೆ ತಣ್ಣಗಾದ ಮೇಲಿನ ಮೊದಲ ಚಳಿಗಾಲ ಅದು. ವಾರದ ದಿನಗಳಲ್ಲಿ ನಾನು ಸಿಯಾಟಲ್‌ನ ದಕ್ಷಿಣಕ್ಕಿರುವ ಕೆಂಟ್‌ನಲ್ಲಿ, ಗೋದಾಮುಗಳ ನಡುವಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಚಳಿಗಾಲದ ಶನಿವಾರ, ಭಾನುವಾರಗಳಲ್ಲಿ ಮಾತ್ರ ಕ್ಯಾಸ್ಕೇಡ್ ಬೆಟ್ಟಸಾಲಿನ ಮೇಲಿರುವ ಒಂದು ಸ್ಕೀ ರೆಸಾರ್ಟಿನ ಫಸ್ಟ್ ಏಡ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೆ. ರೆಂಟನ್‌ನ ನಮ್ಮ ಮನೆಯಿಂದ ಹೊರಟರೆ ಹೆದ್ದಾರಿ ಏರುತ್ತ ಏರುತ್ತ ಮಳೆ ಹಿಮವಾಗುತ್ತದೆ, ಅಲ್ಲಿಂದ ಮುಂದೆ ಸ್ವಲ್ಪ ದೂರದಲ್ಲೇ ರೆಸಾರ್ಟು.

ನಾನು ಗದಗಿನವಳು. ಇಂದಿಗೂ ನನಗೆ ಸ್ಕೀ ಮಾಡಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಅಮೆರಿಕಕ್ಕೆ ಬರುವ ಮೊದಲು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆದವರ ವಾರ್ಡಿನಲ್ಲಿ ಕೆಲಸ ಮಾಡಿದ್ದೆ. ಆ ಅನುಭವಕ್ಕೂ ಹಿಮದ ಗುಡ್ಡಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಆ ಭಾನುವಾರದವರೆಗೆ ನಾನೂ ತಿಳಿದಿದ್ದೆ. ಗುಡ್ಡದ ಮೇಲೆ ನನ್ನ ಕೈಗೆ ಬರುತ್ತಿದ್ದದ್ದು ಮುರಿದ ಮಣಿಕಟ್ಟು, ತಿರುಚಿದ ಮೊಣಕಾಲು, ತಲೆಗೆ ಬಿದ್ದ ಪೆಟ್ಟು. ಸ್ಕೀ ಪಟ್ರೋಲ್ ಎಂಬ ತಂಡದವರು ಇಳಿಜಾರಿನಲ್ಲಿ ಬಿದ್ದವರನ್ನು ಎತ್ತಿ, ಟೊಬಾಗನ್ ಎಂಬ ಹಿಮದ ಮೇಲೆ ಜಾರುವ ಉದ್ದನೆಯ ತೊಟ್ಟಿಲಿನಲ್ಲಿ ಮಲಗಿಸಿ ನಮ್ಮ ಬಾಗಿಲಿಗೆ ತಂದು ಬಿಡುತ್ತಾರೆ. ನಾನು ನೋಡಿ, ಇವರು ಮನೆಗೆ ಹೋಗಬಹುದೋ, ಕಾರಿನಲ್ಲೇ ಆಸ್ಪತ್ರೆಗೆ ಹೋಗಬಹುದೋ, ಆಂಬ್ಯುಲೆನ್ಸೇ ಬೇಕೋ ಎಂದು ವಿಂಗಡಿಸಬೇಕು.

ನಮ್ಮ ಜನ ಆ ರೆಸಾರ್ಟಿಗೆ ಬರುವ ಪರಿಯನ್ನು ಸ್ವಲ್ಪ ಹೇಳಬೇಕು. ಜೀನ್ಸ್ ಹಾಕಿಕೊಂಡು ಬಂದು ಅರ್ಧ ಗಂಟೆಯಲ್ಲಿ ಸೊಂಟದವರೆಗೆ ನೆನೆದು ನಡುಗುವವರು ನಮ್ಮವರೇ. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಹಿಂಬಾಗಿಲು ಎತ್ತಿ, ಬೀಳುವ ಹಿಮದಲ್ಲೇ ಪುಳಿಯೋಗರೆ ಬಡಿಸುವವರೂ ನಮ್ಮವರೇ. ಅದೆಲ್ಲ ನನಗೆ ಇಷ್ಟವೇ, ಎಷ್ಟೋ ಸಲ ನನ್ನ ಕೈಗೂ ಒಂದು ತಟ್ಟೆ ಬಂದಿದೆ. ಸ್ಕೀ ಮಾಡುವವರು ಕಡಿಮೆ, ಹೆಚ್ಚಿನವರು ಬರುವುದು ಟ್ಯೂಬಿಂಗ್‌ಗೆ. ಗಾಳಿ ತುಂಬಿದ ದೊಡ್ಡ ರಬ್ಬರ್ ಚಕ್ರದ ಮೇಲೆ ಕೂತು ಇಳಿಜಾರಿನಲ್ಲಿ ಸುಯ್ಯೆಂದು ಜಾರಿ ಬರುವ ಆಟ ಅದು. ಅದಕ್ಕೆ ಕಲಿಯುವ ಅಗತ್ಯವಿಲ್ಲ, ಕೂರುವ ಧೈರ್ಯವಿದ್ದರೆ ಸಾಕು.

ಮಗಳ ಬಾಣಂತನಕ್ಕೆಂದು ಊರಿನಿಂದ ಬಂದ ಅಮ್ಮಂದಿರನ್ನು ವಾಪಸು ಕಳಿಸುವ ಮುಂಚೆ ಹಿಮ ತೋರಿಸುವುದು ಇಲ್ಲಿ ಒಂದು ಶಾಸ್ತ್ರವೇ ಆಗಿಹೋಗಿದೆ. ಸಿಯಾಟಲ್‌ನ ಉತ್ತರಕ್ಕಿರುವ ಬಾಥೆಲ್ ಕಡೆಯ ದೇವಸ್ಥಾನ ಆಯಿತು, ಜಲಪಾತ ಆಯಿತು, ಹಿಮವೊಂದು ಬಾಕಿ. ಹಿಮ ತೋರಿಸದೆ ವಿಮಾನ ಹತ್ತಿಸಿದರೆ ಅಳಿಯನಿಗೆ ಕೆಟ್ಟ ಹೆಸರು. ಹಾಗಾಗಿ ಚಳಿಗಾಲ ಪೂರ್ತಿ ನನ್ನ ಕಿಟಕಿಯ ಹೊರಗೆ ಸೀರೆಯ ಮೇಲೆ ಮಗಳ ಜಾಕೆಟ್ಟು ಹಾಕಿಕೊಂಡ ಅಮ್ಮಂದಿರು ಫೋಟೊಗೆ ನಿಂತಿರುತ್ತಿದ್ದರು.

ಆ ಭಾನುವಾರ ಬೆಳಗಿನಿಂದ ಹಿಮ ಬಿಡದೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿಯವರಿಂದ ಸೂಚನೆ ಬಂತು. ಅವಲಾಂಚ್, ಅಂದರೆ ಮೇಲಿನ ಇಳಿಜಾರಿನ ಹಿಮ ಒಮ್ಮೆಲೇ ಕುಸಿದು ರಸ್ತೆಗೆ ಬರುವ ಅಪಾಯವಿದೆ. ಸಂಜೆಯೊಳಗೆ ಹೆದ್ದಾರಿ ಮುಚ್ಚಿ, ಸಿಡಿಮದ್ದು ಹಾಕಿ ಆ ಹಿಮವನ್ನು ತಾವೇ ಕೆಡವುತ್ತೇವೆ ಎಂದರು. ಅಂಥ ದಿನ ಹೆದ್ದಾರಿ ಒಮ್ಮೆ ಮುಚ್ಚಿದರೆ ಮತ್ತೆ ಯಾವಾಗ ತೆರೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಮೋಡ ಅಷ್ಟು ಕೆಳಗಿದ್ದಾಗ ಹೆಲಿಕಾಪ್ಟರ್ ಕೂಡ ಬರುವುದಿಲ್ಲ.

ಆ ಗಡಿಬಿಡಿಯಲ್ಲೇ ಸ್ಕೀ ಪಟ್ರೋಲ್‌ನ ಕೈಲ್ ಎಂಬ ಹುಡುಗ ಒಬ್ಬ ಹೆಂಗಸನ್ನು ಟೊಬಾಗನ್‌ನಲ್ಲಿ ಕರೆತಂದ. ವಯಸ್ಸು ಅರವತ್ತರ ಆಸುಪಾಸು. ಟ್ಯೂಬಿನಲ್ಲಿ ಖುಷಿಯಾಗಿಯೇ ಜಾರಿ ಬಂದು, ಕೆಳಗೆ ಎದ್ದು ನಿಂತು ಮಗಳಿಗೆ ಕೈ ಬೀಸುತ್ತಿದ್ದರಂತೆ. ಹಿಂದಿನಿಂದ ಬಂದ ಇನ್ನೊಂದು ಟ್ಯೂಬು ಕಾಲಿಗೆ ಬಡಿದು, ಹಿಂದಕ್ಕೆ ಬಿದ್ದು, ತಲೆಯ ಹಿಂಭಾಗ ಗಟ್ಟಿಯಾದ ಹಿಮಕ್ಕೆ ತಾಗಿತ್ತು. ಪ್ರಜ್ಞೆ ತಪ್ಪಿರಲಿಲ್ಲ. ನಡೆದೇ ಬರುತ್ತೇನೆಂದು ಹಟ ಮಾಡಿದರೂ ಕೈಲ್ ಬಿಟ್ಟಿರಲಿಲ್ಲ.

ಹಿಂದೆಯೇ ಮೂವರು ಬಂದರು. ಮಗಳು ಅಶ್ವಿನಿ, ಬಾಥೆಲ್‌ನಲ್ಲಿ ಒಂದು ಬಯೋಟೆಕ್ ಕಂಪನಿಯ ಉದ್ಯೋಗಿ. ಅವಳ ಗಂಡ ನವೀನ. ನವೀನನ ತಾಯಿ ಲಲಿತಮ್ಮ, ಬೆಂಗಳೂರಿನವರು. ಎದೆಗೆ ಕಟ್ಟಿದ ಚೀಲದಲ್ಲಿ ಮೊಮ್ಮಗುವನ್ನು ಇಟ್ಟುಕೊಂಡಿದ್ದರು. ಇಬ್ಬರು ಬೀಗಿತ್ತಿಯರೂ ಒಟ್ಟಿಗೆ ಬಂದು, ಮೊಮ್ಮಗುವನ್ನು ನೋಡಿಕೊಳ್ಳುತ್ತ, ಒಂದೇ ಕೋಣೆಯಲ್ಲಿ ಮಲಗುತ್ತ ಚಳಿಗಾಲ ಕಳೆದಿದ್ದರಂತೆ.

ನಾನು ಕನ್ನಡದಲ್ಲಿ ಹೆಸರು ಕೇಳಿದ ಕೂಡಲೇ ಆ ಹೆಂಗಸಿನ ಮುಖ ಅರಳಿತು.

"ವನಜಾಕ್ಷಿ ಅಂತ. ಮಂಗಳೂರು. ನಂಗೆ ಎಂತ ಆಗ್ಲಿಲ್ಲ ಸಿಸ್ಟರ್. ಈ ಹುಡುಗ ಸುಮ್ನೆ ಹೊತ್ತುಕೊಂಡು ಬಂದದ್ದು."

ಕಣ್ಣಿನ ಪಾಪೆ ಸರಿಯಾಗಿತ್ತು. ಕೈಕಾಲಿನ ಶಕ್ತಿ ಸಮವಾಗಿತ್ತು. ತಲೆಯ ಹಿಂದೆ ನಿಂಬೆಹಣ್ಣಿನಷ್ಟು ಊತ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಮೇಲೆ ತಲೆಗೆ ಪೆಟ್ಟಾದ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ. ದಿನಾ ತೆಗೆದುಕೊಳ್ಳುವ ಮಾತ್ರೆ ಏನಾದರೂ ಇದೆಯೇ, ಮುಖ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ?

ವನಜಾಕ್ಷಿಯವರು ಬಾಯಿ ತೆರೆಯುವ ಮೊದಲೇ ಅಶ್ವಿನಿ ಹೇಳಿದಳು. "ಇಲ್ಲ ಆಂಟಿ, ಏನೂ ಇಲ್ಲ. ವಿಟಮಿನ್ ಅಷ್ಟೇ."

ಈ ಪ್ರಶ್ನೆ ಯಾಕೆ ಕೇಳುತ್ತೇವೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ರಕ್ತ ತೆಳು ಮಾಡುವ ಮಾತ್ರೆ ಎಂದರೆ ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಅದನ್ನು ತೆಗೆದುಕೊಳ್ಳದವರ ತಲೆಗೆ ಇಂಥ ಪೆಟ್ಟಾದರೆ ಒಳಗಿನ ಸಣ್ಣ ಗಾಯ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ತೆಗೆದುಕೊಳ್ಳುವವರಲ್ಲಿ ಅದು ಮುಚ್ಚದೆ, ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೋರುತ್ತ ಮೆದುಳನ್ನು ಒತ್ತಬಹುದು. ಹೊರಗಿನಿಂದ ಮೊದಲು ಏನೂ ಗೊತ್ತಾಗುವುದಿಲ್ಲ. ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ, ಕಾಫಿ ಕೇಳುತ್ತಾನೆ. ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಆದ್ದರಿಂದ ಮಾತ್ರೆ ಇಲ್ಲ ಎಂದರೆ ಎಚ್ಚರಿಕೆ ಹೇಳಿ ಕಾರಿನಲ್ಲಿ ಕಳಿಸುತ್ತೇವೆ. ಇದೆ ಎಂದರೆ ಮರುಮಾತಿಲ್ಲದೆ ಆಂಬ್ಯುಲೆನ್ಸು, ದೊಡ್ಡ ಆಸ್ಪತ್ರೆ.

ನವೀನ ಕಾರಿನ ಕೀ ಕೈಗೆ ತೆಗೆದುಕೊಂಡಿದ್ದ. "ಹಾಗಾದ್ರೆ ಹೊರಡ್ಬಹುದಾ? ರೋಡ್ ಕ್ಲೋಸ್ ಆಗೋ ಮುಂಚೆ ಇಳಿದುಬಿಡ್ತೀವಿ."

ಸರಿ ಎನ್ನುವವಳೇ ಇದ್ದೆ. ಊತದ ಮೇಲೆ ಐಸ್ ಪ್ಯಾಕ್ ಕಟ್ಟಲು ಬಗ್ಗಿದಾಗ, ವನಜಾಕ್ಷಿಯವರು ನೋವಿಗೆ ಬಾಯಿ ತೆರೆದರು. ಆಗ ಕೇಳಿಸಿತು. ಟಿಕ್, ಟಿಕ್, ಟಿಕ್. ಅವರ ಕೈಯಲ್ಲಿ ವಾಚಿರಲಿಲ್ಲ. ನಾಡಿ ಹಿಡಿದು ನೋಡಿದೆ, ನಾಡಿಯ ಹೊಡೆತಕ್ಕೂ ಆ ಸದ್ದಿಗೂ ಸರಿಹೊಂದುತ್ತಿತ್ತು.

ಬೆಂಗಳೂರಿನ ಆ ವಾರ್ಡಿನಲ್ಲಿ ವರ್ಷಗಟ್ಟಲೆ ಕೇಳಿದ ಸದ್ದು ಅದು. ಹೃದಯದ ಒಂದು ಕವಾಟ ಕೆಟ್ಟಾಗ ಅದನ್ನು ತೆಗೆದು ಲೋಹದ ಕವಾಟ ಹಾಕುತ್ತಾರೆ. ಅದು ತೆರೆದು ಮುಚ್ಚುವ ಸದ್ದು ನಿಶ್ಶಬ್ದದಲ್ಲಿ ಹತ್ತಿರದವರಿಗೆ ಬರಿಗಿವಿಗೇ ಕೇಳಿಸುತ್ತದೆ, ಬಾಯಿ ತೆರೆದರೆ ಇನ್ನೂ ಚೆನ್ನಾಗಿ. ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವವರೆಗೂ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳಲೇಬೇಕು. ತಪ್ಪಿಸುವ ಹಾಗೇ ಇಲ್ಲ.

ನಾನು ನೇರವಾಗಿ ಕೇಳಿದೆ. "ಅಮ್ಮ, ನಿಮಗೆ ಹಾರ್ಟ್ ಆಪರೇಷನ್ ಆಗಿದೆಯಾ?"

ಅವರು ನನ್ನನ್ನು ನೋಡಲಿಲ್ಲ. ಅವರ ಕಣ್ಣು ಹೋದದ್ದು ಬಾಗಿಲ ಬಳಿ ಮಗುವನ್ನು ತೂಗುತ್ತಿದ್ದ ಲಲಿತಮ್ಮನ ಕಡೆಗೆ. ಮರುಕ್ಷಣ ಜಾಕೆಟ್ಟಿನ ಜಿಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಲೆಯಾಡಿಸಿದರು.

"ಇಲ್ಲಪ್ಪ. ನಂಗೆ ಎಂತ ಆಪರೇಷನ್?"

ಲಲಿತಮ್ಮ ಮಗುವಿನ ಟೋಪಿ ಸರಿಮಾಡಿದರು. ನವೀನ ಫೋನು ನೋಡಿದ. ಅಶ್ವಿನಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು. ನಾನು ಅವಳ ತೋಳು ಹಿಡಿದು ಪಕ್ಕದ ಕೋಣೆಗೆ ಎಳೆದುಕೊಂಡು ಹೋದೆ. ಸ್ಕೀ ಬೂಟುಗಳನ್ನು ಒಣಗಿಸುವ ಜಾಗ ಅದು, ಒದ್ದೆ ಕಾಲುಚೀಲದ ನಾತ.

ಬಾಗಿಲು ಹಾಕಿದ್ದೇ ತಡ, ಅಳುತ್ತ ಎಲ್ಲ ಹೇಳಿದಳು. ವನಜಾಕ್ಷಿಯವರಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. ಅಶ್ವಿನಿ ಕಾಲೇಜಿನಲ್ಲಿದ್ದಾಗ ಆಪರೇಷನ್ ಆಯಿತು. ಮುಂದೆ ಅವಳಿಗೆ ಗಂಡು ನೋಡುವಾಗ ನೆಂಟರೆಲ್ಲ ಸೇರಿ ತೀರ್ಮಾನಿಸಿದರಂತೆ, ಬೀಗರಿಗೆ ಹೇಳುವುದು ಬೇಡ, ತಾಯಿಗಿದ್ದದ್ದು ಮಗಳಿಗೂ ಬರಬಹುದು ಎಂದುಕೊಂಡು ಸಂಬಂಧ ತಪ್ಪಿಹೋದೀತು ಎಂದು.

"ಅತ್ತೆಗೆ ಗೊತ್ತಿಲ್ಲ ಆಂಟಿ. ನವೀನ್‌ಗೂ ಗೊತ್ತಿಲ್ಲ. ಇಷ್ಟು ವರ್ಷ ಆದ್ಮೇಲೆ ಈಗ ಹೇಳಿದ್ರೆ ಚೀಟ್ ಮಾಡಿದ್ವಿ ಅನ್ಕೋತಾರೆ. ನೀವು ಆಂಬ್ಯುಲೆನ್ಸಲ್ಲೇ ಕಳಿಸಿ, ಪ್ಲೀಸ್. ಆದ್ರೆ ಬೇರೆ ಏನಾದ್ರೂ ರೀಸನ್ ಹೇಳಿ."

ಆ ಜ್ವರದಿಂದ ಕೆಡುವ ಕವಾಟ ತಾಯಿಯಿಂದ ಮಗಳಿಗೆ ಬರುವಂಥದ್ದೇ ಅಲ್ಲ. ಯಾವ ಡಾಕ್ಟರನ್ನು ಕೇಳಿದ್ದರೂ ಹೇಳುತ್ತಿದ್ದರು. ಯಾರೂ ಕೇಳಿರಲಿಲ್ಲ, ಮುಚ್ಚಿಡುವುದು ಅವರಿಗೆ ಸುಲಭವಾಗಿ ಕಂಡಿತ್ತು.

ಮಾತ್ರೆಯ ಹೆಸರೇನು, ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿದೆ. ಸರಿಯಾಗಿ ಗೊತ್ತಿಲ್ಲ ಎಂದಳು. ಯಾರಿಗೂ ಗೊತ್ತಾಗದಿರಲಿ ಎಂದು ವನಜಾಕ್ಷಿಯವರು ಊರಿನಿಂದ ತಂದ ಮಾತ್ರೆಗಳನ್ನು ಇಲ್ಲಿ ವಿಟಮಿನ್ ಡಬ್ಬಿಗೆ ತುಂಬಿಟ್ಟುಕೊಂಡಿದ್ದರು. ಡಬ್ಬಿ ಬಾಥೆಲ್‌ನ ಮನೆಯಲ್ಲಿತ್ತು. ಈ ಮಾತ್ರೆ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತ ಹೆಚ್ಚು ತೆಳುವಾದರೂ ಅಪಾಯ, ಕಡಿಮೆಯಾದರೂ ಅಪಾಯ. ಕೊನೆಯ ಪರೀಕ್ಷೆ ಯಾವಾಗ ಆಯಿತು ಎಂದೆ.

"ಇಲ್ಲಿಗ್ ಬಂದ್ಮೇಲೆ ಮಾಡ್ಸಿಲ್ಲ. ಲ್ಯಾಬ್‌ಗೆ ನವೀನೇ ಡ್ರೈವ್ ಮಾಡ್ಕೊಂಡು ಹೋಗ್ಬೇಕಿತ್ತಲ್ಲ."

ನಾನು ಕೆಲಸದ ಜಾಗದಲ್ಲಿ ದನಿ ಏರಿಸುವವಳಲ್ಲ. ಅವತ್ತು ಏರಿಸಿದೆ. ಸಿಟ್ಟು ಬಂದರೆ ನನಗೆ ಗದಗಿನ ಭಾಷೆ ಬಿಟ್ಟು ಬೇರೆ ಯಾವುದೂ ಬಾಯಿಗೆ ಬರುವುದಿಲ್ಲ.

"ನಿನಗೇನ್ ಬುದ್ಧಿ ಐತೋ ಇಲ್ಲೋ? ಅಲ್ಲಿ ನಿಮ್ಮವ್ವನ ತಲಿಯಾಗ ರಕ್ತ ಸೋರಾಕತ್ತಿರಬಹುದು, ನಿನಗ ಬೀಗರ ಚಿಂತಿ ಆಗೇತೇನ? ದವಾಖಾನ್ಯಾಗ ಡಾಕ್ಟರು ಮಾತ್ರಿ ಹೆಸರು ಕೇಳತಾರ, ಅವಾಗೂ ವಿಟಮಿನ್ ಅಂತೀಯೇನು?"

ಅವಳು ಮುಖ ಮುಚ್ಚಿಕೊಂಡಳು. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ, ಬರಲಿಲ್ಲ. ಅವಳು ವಿಜ್ಞಾನ ಓದಿದವಳು, ಔಷಧಿ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುವವಳು. ತನ್ನ ತಾಯಿ ಟ್ಯೂಬಿನ ಮೇಲೆ ಕೂರುವಾಗ ಬೇಡ ಎನ್ನಲು ಅವಳಿಗೆ ಒಂದು ಕಾರಣ ಹೇಳಬೇಕಾಗುತ್ತಿತ್ತು. ಆ ಕಾರಣ ಹೇಳಲಾಗದೆ ಕೂರಲು ಬಿಟ್ಟಿದ್ದಳು.

ಬಾಗಿಲು ತೆರೆದು ಕೈಲ್‌ಗೆ ಕೂಗಿ ಆಂಬ್ಯುಲೆನ್ಸ್ ತರಿಸಲು ಹೇಳಿದೆ. ರೆಸಾರ್ಟಿನಲ್ಲಿ ನಿಲ್ಲುತ್ತಿದ್ದದ್ದು ಒಂದೇ ಗಾಡಿ. ಅವನು ರೇಡಿಯೋದಲ್ಲಿ ಮಾತಾಡಿ, ಹೆದ್ದಾರಿಯವರು ಗೇಟು ಹಾಕಲು ಹೊರಟಿದ್ದಾರೆ, ಈಗಿಂದೀಗ ಹೊರಟರೆ ಮಾತ್ರ ಬಿಡುತ್ತಾರಂತೆ ಎಂದ.

ನಾನು ಮಂಚದ ಬಳಿ ಬಂದೆ. ವನಜಾಕ್ಷಿಯವರು ನನ್ನನ್ನು ನೋಡಿ ನಕ್ಕು, "ನೀವು ಕನ್ನಡದವರಾ? ನಿಮ್ಮ ಊರು ಯಾವುದು?" ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೊದಲು ನಾವು ಇಬ್ಬರೂ ಗದಗು, ಮಂಗಳೂರು ಎಂದೆಲ್ಲ ಮಾತಾಡಿದ್ದೆವು. ಮರೆವು ಶುರುವಾಗಿತ್ತು. ಬಲಗಣ್ಣಿನ ರೆಪ್ಪೆ ಜೋತುಬಿದ್ದ ಹಾಗಿತ್ತು.

ಅವರ ಕಿವಿಯ ಹತ್ತಿರ ಬಗ್ಗಿ ಮೆತ್ತಗೆ ಹೇಳಿದೆ. "ಅಮ್ಮ, ಮಾತ್ರೆ ಹೆಸರು ಬೇಕು ನನಗೆ. ನಿಮ್ಮ ಜೀವದ ಪ್ರಶ್ನೆ. ಹೇಳಿಬಿಡಿ."

ಅವರು ಮತ್ತೆ ಲಲಿತಮ್ಮನನ್ನು ನೋಡಿದರು. ಜಿಪ್ಪನ್ನು ಹಿಡಿದ ಮುಷ್ಟಿ ಸಡಿಲಲಿಲ್ಲ. ಆಮೇಲೆ ಅಲ್ಲೇ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡರು.

ಆಗ ಲಲಿತಮ್ಮ ಮಗುವನ್ನು ನವೀನನ ಕೈಗೆ ಕೊಟ್ಟು ಮುಂದೆ ಬಂದರು. ತಮ್ಮ ಪರ್ಸು ತೆರೆದು, ಒಳಗಿನ ಚಿಕ್ಕ ಜೇಬಿನಿಂದ ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು. ಅದರ ಹಿಂದೆ ಮಾತ್ರೆಯ ಹೆಸರೂ ಪ್ರಮಾಣವೂ ಸ್ಪಷ್ಟವಾಗಿತ್ತು.

"ವಾಲ್ವ್ ಹಾಕಿದಾರೆ ಅವರಿಗೆ. ಈ ಮಾತ್ರೆ ದಿನಾ ರಾತ್ರಿ ಒಂದು. ನಿನ್ನೆ ರಾತ್ರಿನೂ ತಗೊಂಡಿದಾರೆ, ನಾನೇ ನೋಡಿದೀನಿ. ಡಬ್ಬಿಗೆ ತುಂಬಿಸ್ಕೊಂಡು ಇದನ್ನ ಬಾತ್‌ರೂಮ್ ಡಸ್ಟ್‌ಬಿನ್‌ಗೆ ಹಾಕಿದ್ರು. ಯಾವತ್ತಾದ್ರೂ ಬೇಕಾಗ್ಬಹುದು ಅಂತ ಎತ್ತಿಟ್ಕೊಂಡಿದ್ದೆ."

ಅಶ್ವಿನಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅತ್ತೆ, ನಿಮ್ಗೆ ಗೊತ್ತಿತ್ತಾ?" ಎಂದಳು.

"ಮದ್ವೆಗೆ ಮುಂಚೆನೇ ಯಾರೋ ಬಂದು ಹೇಳಿದ್ರಮ್ಮ. ಹುಡುಗಿ ಒಳ್ಳೇವಳು, ತಾಯಿಗೆ ಆಪರೇಷನ್ ಆಗಿದ್ರೆ ನಮಗೇನು ಅಂತ ನಾವು ತಲೆ ಕೆಡಿಸ್ಕೊಳ್ಳಲಿಲ್ಲ. ಈಗ ಒಂದೇ ರೂಮಲ್ಲಿ ಮಲಗ್ತೀವಿ, ಸದ್ದು ಕೇಳ್ಸುತ್ತೆ. ಆ ಮಾತ್ರೆಗೆ ಸೊಪ್ಪು ಜಾಸ್ತಿ ತಿನ್ನಬಾರದಂತೆ, ಫೋನಲ್ಲಿ ನೋಡಿದೆ. ಅದಕ್ಕೇ ಮನೇಲಿ ಪಾಲಕ್ ಮಾಡೋದು ನಿಲ್ಲಿಸಿದೆ."

ನವೀನ ತಲೆ ತಗ್ಗಿಸಿಕೊಂಡು ಹೇಳಿದ. "ಅಮ್ಮ ನಂಗೂ ಹೇಳಿದ್ರು. ಅಶ್ವಿನಿಗೆ ಬೇಜಾರಾಗುತ್ತೆ ಅಂತ ನಾನೂ ಕೇಳೋಕೆ ಹೋಗ್ಲಿಲ್ಲ."

ಅಶ್ವಿನಿಯ ಮೇಲೆ ಬಂದದ್ದು ಸಿಟ್ಟೇ ಅಲ್ಲ ಅನ್ನಿಸಿತು ನನಗೆ ಆಗ. ನಿಜವಾದ ಸಿಟ್ಟು ಈಗ ಬಂತು. ಮುಚ್ಚಿಟ್ಟವರಿಗೆ ಭಯವಾದರೂ ಇತ್ತು. ಇವರಿಗೆ ಏನಿತ್ತು? ನಾನು ಮಾತ್ರೆ ಇದೆಯೇ ಎಂದು ಕೇಳಿದಾಗ, ಆಪರೇಷನ್ ಆಗಿದೆಯೇ ಎಂದು ಕೇಳಿದಾಗ, ಉತ್ತರ ಪರ್ಸಿನಲ್ಲಿ ಇಟ್ಟುಕೊಂಡೇ ಮಗುವಿನ ಟೋಪಿ ಸರಿಮಾಡುತ್ತ ನಿಂತಿದ್ದರು. ನವೀನ ಎಲ್ಲ ಗೊತ್ತಿದ್ದೂ ಕಾರಿನ ಕೀ ಹಿಡಿದು ಹೊರಟಿದ್ದ.

"ಬಾಯಿ ಬಿಡಾಕ ಏನಾಗಿತ್ರೀ ನಿಮಗ?" ಎಂದೆ ಲಲಿತಮ್ಮನಿಗೆ.

ಅವರು ಕಣ್ಣೊರೆಸಿಕೊಂಡರು. "ಅವರಾಗೇ ಮುಚ್ಚಿಟ್ಟಿದ್ದನ್ನ ನಾನು ಎಲ್ಲರ ಮುಂದೆ ಎತ್ತಿ ಆಡಿದ್ರೆ ಅವರ ಮರ್ಯಾದೆ ಏನಾಗ್ಬೇಕು ಸಿಸ್ಟರ್? ಹೇಳೋದಿದ್ರೆ ಅವರೇ ಹೇಳ್ಲಿ ಅಂತ ಕಾದೆ."

ಜಗಳಕ್ಕೆ ಸಮಯವಿರಲಿಲ್ಲ. ಆಂಬ್ಯುಲೆನ್ಸ್ ಬಾಗಿಲಿಗೆ ಬಂದಿತ್ತು. ಆ ಪಟ್ಟಿಯನ್ನು ನೋಡಿ ಆಸ್ಪತ್ರೆಗೆ ಫೋನಿನಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಲೋಹದ ಕವಾಟದ ವಿಷಯ ಎಲ್ಲ ಹೇಳಿದೆ. ರೋಗಿ ಬರುವಷ್ಟರಲ್ಲಿ ರಕ್ತವನ್ನು ಮತ್ತೆ ಹೆಪ್ಪುಗಟ್ಟುವಂತೆ ಮಾಡುವ ಔಷಧಿ ಸಿದ್ಧವಾಗಿಡುತ್ತೇವೆ ಎಂದರು. ವನಜಾಕ್ಷಿಯವರನ್ನು ಗಾಡಿಗೆ ಏರಿಸುವಾಗ ಅವರಿಗೆ ಎಚ್ಚರ ಅರೆಬರೆಯಾಗಿತ್ತು. ಅಶ್ವಿನಿ ಜೊತೆಗೆ ಹತ್ತಿದಳು. ಹೆದ್ದಾರಿಯವರು ಗೇಟಿನ ಬಳಿ ಕಾದು, ಆ ಗಾಡಿಯನ್ನು ದಾಟಿಸಿ, ಅದರ ಹಿಂದೆಯೇ ದಾರಿ ಮುಚ್ಚಿದರು. ನವೀನ, ಲಲಿತಮ್ಮ, ಮಗು ಈ ಕಡೆಯೇ ಉಳಿದರು. ಹೆದ್ದಾರಿ ತೆರೆಯುವವರೆಗೂ ಲಲಿತಮ್ಮ ನನ್ನ ಕೋಣೆಯ ಬೆಂಚಿನ ಮೇಲೆ ಕೂತಿದ್ದರು. ಆಗಾಗ ಬೆಟ್ಟದಲ್ಲಿ ಸಿಡಿಮದ್ದು ಸಿಡಿದಾಗ ಮಗು ಬೆಚ್ಚುತ್ತಿತ್ತು. ನಾನು ಅವರಿಗೆ ಚಹಾ ಕೊಟ್ಟೆ, ಮಾತಾಡಲಿಲ್ಲ. ಮಾತಾಡಿದ್ದರೆ ಬೈಗುಳವೇ ಬರುತ್ತಿತ್ತು.

ತಲೆಯೊಳಗೆ ರಕ್ತಸ್ರಾವ ಆಗಿತ್ತು. ರಕ್ತ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ತೆಳುವಾಗಿತ್ತು; ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಇನ್ನೇನಾಗುತ್ತದೆ? ಅದೇ ಸಂಜೆ ತಲೆಬುರುಡೆ ತೆರೆದು ಆಪರೇಷನ್ ಮಾಡಿದರು. ಬದುಕಿದರು. ಇನ್ನಷ್ಟು ತಡವಾಗಿ ಬಂದಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಅಶ್ವಿನಿ ನನಗೆ ಫೋನಿನಲ್ಲಿ ತಿಳಿಸಿದಳು. ಬಲಗೈ ಸೋತಿತ್ತು. ಮಾತು ನಿಧಾನವಾಗಿತ್ತು.

ಕೆಲವು ವಾರಗಳ ಮೇಲೆ, ಅವರನ್ನು ಕೈಕಾಲಿನ ವ್ಯಾಯಾಮ, ಮಾತಿನ ತರಬೇತಿ ಕೊಡುವ ಕೇಂದ್ರಕ್ಕೆ ಸೇರಿಸಿದ್ದಾರೆಂದು ಗೊತ್ತಾಗಿ ನೋಡಲು ಹೋದೆ. ಅಶ್ವಿನಿ ನನ್ನನ್ನು ಬಾಗಿಲಲ್ಲೇ ತಡೆದಳು. ಅವಳು ಹೇಳಿದ್ದನ್ನು ಕೇಳಿ ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಆಂಟಿ, ಅಮ್ಮಂಗೆ ಅವತ್ತಿನ ದಿನ ಏನೂ ನೆನಪಿಲ್ಲ. ಅತ್ತೆಗೆ ಗೊತ್ತಾಯ್ತು ಅಂತ ನಾವು ಹೇಳಿಲ್ಲ. ಅತ್ತೆನೂ ಗೊತ್ತಿಲ್ದಿರೋ ಹಾಗೇ ಇರ್ತೀನಿ ಅಂತ ಒಪ್ಕೊಂಡಿದಾರೆ. ಪಾಪ, ಗೊತ್ತಾದ್ರೆ ಅಮ್ಮ ತುಂಬಾ ನೊಂದ್ಕೋತಾರೆ. ನೀವೂ ಏನೂ ಹೇಳ್ಬೇಡಿ."

ಅಂದರೆ ಎಲ್ಲರೂ ಸೇರಿ ಅದೇ ನಾಟಕವನ್ನು ಮತ್ತೆ ಶುರು ಮಾಡಿದ್ದರು. ಆ ಹೆಂಗಸಿನ ತಲೆಬುರುಡೆ ತೆರೆದು ಮುಚ್ಚಿದ್ದರು, ರಕ್ತ ತೆಳು ಮಾಡುವ ಮಾತ್ರೆ ಮತ್ತೆ ಶುರುವಾಗಿತ್ತು, ವಾರವಾರವೂ ರಕ್ತ ಪರೀಕ್ಷೆ ಆಗಬೇಕಿತ್ತು. ಮನೆಯವರೆಲ್ಲ ಕಣ್ಣಿಟ್ಟು ನೋಡಿಕೊಳ್ಳಬೇಕಾದ ಹೊತ್ತಿನಲ್ಲಿ, ನೋಡದ ಹಾಗೆ ಇರುವ ವ್ಯವಸ್ಥೆ ಮಾಡಿಕೊಂಡಿದ್ದರು. ನಾನು ಅಶ್ವಿನಿಯನ್ನು ದಾಟಿ ಒಳಗೆ ಹೋದೆ.

ವನಜಾಕ್ಷಿಯವರು ಕುರ್ಚಿಯಲ್ಲಿ ಕೂತು ಎಡಗೈಯಿಂದ ರಬ್ಬರ್ ಚೆಂಡು ಬಲಗೈಗೆ ಕೊಡುವ ಅಭ್ಯಾಸ ಮಾಡುತ್ತಿದ್ದರು. ಯಾರೆಂದು ಹೇಳಿದೆ. ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಒಂದೊಂದೇ ಪದ ಹುಡುಕಿಕೊಂಡು ಕೇಳಿದರು. "ಸಿಸ್ಟರ್... ನನ್ನ ಬೀಗಿತ್ತಿಗೆ... ಗೊತ್ತಾಗ್ಲಿಲ್ಲ ಅಲ್ವಾ?"

ಸಾವಿನ ಬಾಗಿಲಿಗೆ ಹೋಗಿ ಬಂದವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ.

"ಗೊತ್ತು, ಅಮ್ಮ. ಮದುವೆಗೆ ಮುಂಚೆಯಿಂದಲೂ ಗೊತ್ತು. ಮಾತ್ರೆ ಹೆಸರು ಹೇಳಿ ನಿಮ್ಮನ್ನ ಉಳಿಸಿದ್ದೇ ಅವರು. ಅಳಿಯನಿಗೂ ಗೊತ್ತು. ಗೊತ್ತಿಲ್ಲ ಅಂತ ಅಂದುಕೊಂಡವರು ನೀವಿಬ್ಬರೇ."

ಹಿಂದೆ ಅಶ್ವಿನಿ "ಆಂಟಿ!" ಎಂದಳು. ಬಾಗಿಲಲ್ಲಿ ಫ್ಲಾಸ್ಕ್ ಹಿಡಿದುಕೊಂಡು ಬಂದ ಲಲಿತಮ್ಮ ಅಲ್ಲೇ ನಿಂತುಬಿಟ್ಟರು. ವನಜಾಕ್ಷಿಯವರು ಅವರತ್ತ ತಿರುಗಿದರು. ಅಳುತ್ತಾರೆ ಎಂದುಕೊಂಡೆ. ಅವರ ಮುಖ ಕೆಂಪಾಯಿತು. ಸೋತ ಬಲಗೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು.

"ಗೊತ್ತಿತ್ತಾ ನಿಮ್ಗೆ?"

ಲಲಿತಮ್ಮ ಹೌದೆಂದು ತಲೆಯಾಡಿಸಿದರು.

"ಮಂಗಳೂರಿನ ಸೆಕೆಗೆ... ಮೇ ತಿಂಗಳಲ್ಲಿ... ಎದೆ ಮೇಲಿನ ಆ ಆಪರೇಷನ್ ಕಲೆ ಕಾಣ್ಬಾರ್ದು ಅಂತ ಕುತ್ತಿಗೆ ತನಕ ಬ್ಲೌಸ್ ಹೊಲಿಸಿದೆ. ನೀವು ನಮ್ಮನೆಗೆ ಬರುವಾಗೆಲ್ಲ... ಬೆವರುಸಾಲೆ ಎದ್ದು... ರಾತ್ರಿ ನಿದ್ದೆ ಇರ್ಲಿಲ್ಲ ನಂಗೆ. ಒಂದು ಮಾತು... ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ ನಿಮ್ಗೆ?"

ಆಮೇಲೆ ಮಗಳ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳಿದರು. ನನಗೆ ತುಳು ಬರುವುದಿಲ್ಲ, ಆದರೆ ಅದು ಬೈಗುಳ ಎಂದು ಗೊತ್ತಾಗಲು ಭಾಷೆ ಬರಬೇಕಿರಲಿಲ್ಲ. ಆಪರೇಷನ್ ಆದ ಮೇಲೆ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲಂತೆ. ಲಲಿತಮ್ಮ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ಅವರ ಕಾಲ ಬಳಿ ಕೂತು ಬೈಗುಳ ಕೇಳಿಸಿಕೊಂಡರು. ನನ್ನ ಸಿಟ್ಟು ಇಳಿದದ್ದು ಆಗಲೇ.

ಊರಿಗೆ ಹೊರಡುವ ಮುನ್ನ ವನಜಾಕ್ಷಿಯವರೇ ಫೋನು ಮಾಡಿ, ಹೆಸರು ಬದಲಿಸಿ ಇದನ್ನು ಎಲ್ಲಾದರೂ ಬರೆಯಿರಿ ಎಂದರು. ಅದಕ್ಕೇ ಬರೆದಿದ್ದೇನೆ.

ಗುಡ್ಡದ ಮೇಲಿನ ಆ ಕೋಣೆಯಲ್ಲಿ ನಾನು ಈಗಲೂ ಚಳಿಗಾಲದ ಭಾನುವಾರಗಳಂದು ಇರುತ್ತೇನೆ. ನಮ್ಮವರು ಯಾರೇ ಬರಲಿ, ಪೆಟ್ಟಾದವರನ್ನು ಒಬ್ಬರನ್ನೇ ಉಳಿಸಿಕೊಂಡು ಗಂಡ, ಹೆಂಡತಿ, ಮಗಳು, ಬೀಗರು ಎಲ್ಲರನ್ನೂ ಹೊರಗೆ ಹಿಮದಲ್ಲಿ ನಿಲ್ಲಿಸುತ್ತೇನೆ. ಮಾತ್ರೆಯ ಪ್ರಶ್ನೆ ಕೇಳುವುದು ಆಮೇಲೆ. ಅದೇ ಪ್ರಶ್ನೆಯನ್ನು ಹೊರಗೆ ನಿಂತವರಿಗೂ ಒಬ್ಬೊಬ್ಬರನ್ನೇ ಕರೆದು ಕೇಳುತ್ತೇನೆ. ಈ ಹೆಂಗಸಿಗೆ ಮನೆಯವರೆಂದರೆ ಮರ್ಯಾದೆಯೇ ಇಲ್ಲ ಎಂದು ರೆಸಾರ್ಟಿಗೆ ದೂರು ಹೋಗಿದೆ. ಹೋಗಲಿ. ಮರ್ಯಾದೆ ಉಳಿಸಲು ಮನೆಯವರೆಲ್ಲ ಇದ್ದಾರೆ. ನನಗೆ ಸಂಬಳ ಕೊಡುವುದು ಜೀವ ಉಳಿಸುವುದಕ್ಕೆ.